ಪಿಯು ತರಗತಿಯಲ್ಲಿ ಆಧುನಿಕ ಇತಿಹಾಸ: ಪಾಠ ಕಟ್ಟುವ ಬಗೆ

ಕರ್ನಾಟಕದ ಪದವಿಪೂರ್ವ ಕಾಲೇಜುಗಳಲ್ಲಿ ಇತಿಹಾಸ ತೆಗೆದುಕೊಂಡವರು ಮೊದಲ ವರ್ಷ ಜಗತ್ತಿನ ಇತಿಹಾಸವನ್ನೂ ಎರಡನೆಯ ವರ್ಷ ಭಾರತದ ಇತಿಹಾಸವನ್ನೂ ಓದುತ್ತಾರೆ. ದ್ವಿತೀಯ ಪಿಯುಸಿಯ ಪುಸ್ತಕ ಸಿಂಧೂ ಬಯಲಿನಿಂದ ಹೊರಟು ಕರ್ನಾಟಕದ ಏಕೀಕರಣಕ್ಕೆ ಬಂದು ಮುಗಿಯುತ್ತದೆ. ಯುರೋಪಿಯನ್ನರು ಬಂದ ನಂತರದ ಭಾಗ ಪುಸ್ತಕದ ಕೊನೆಯಲ್ಲಿದೆ. ಹಾಗಾಗಿ ಅದು ಪಾಠವಾಗುವುದೂ ವರ್ಷದ ಕೊನೆಗೇ. ದಸರಾ ರಜೆ ಮುಗಿದು ಪೂರ್ವಸಿದ್ಧತಾ ಪರೀಕ್ಷೆಯ ದಿನ ಹತ್ತಿರವಾದಾಗ ಪ್ಲಾಸಿ ಕದನ ಶುರುವಾಗುತ್ತದೆ, ಮುಂದಿನದೆಲ್ಲ ನೋಟ್ಸ್ ಬರೆಸುವುದರಲ್ಲಿ ಹೋಗುತ್ತದೆ. ಎಲ್ಲಕ್ಕಿಂತ ಹೆಚ್ಚು ಸಾಕ್ಷ್ಯ ಸಿಗುವ ಕಾಲಕ್ಕೆ ಎಲ್ಲಕ್ಕಿಂತ ಕಡಿಮೆ ಸಮಯ ದಕ್ಕುತ್ತದೆ.

ಪಠ್ಯವನ್ನು ಬದಲಿಸುವುದು ಉಪನ್ಯಾಸಕರ ಕೈಯಲ್ಲಿಲ್ಲ. ಯಾವ ಅಧ್ಯಾಯಕ್ಕೆ ಎಷ್ಟು ಪೀರಿಯಡ್ ಎಂಬುದು ಬಹುಮಟ್ಟಿಗೆ ಅವರದೇ ತೀರ್ಮಾನ. ಎಲ್ಲ ಘಟನೆಗಳಿಗೂ ಸಮನಾಗಿ ಹಂಚುವುದು ನ್ಯಾಯವೆನಿಸಿದರೂ ಅದರಿಂದ ಯಾವುದೂ ನಾಟುವುದಿಲ್ಲ. ಕರ್ನಾಟಿಕ್ ಯುದ್ಧಗಳು, ಗವರ್ನರ್ ಜನರಲ್‌ಗಳ ಸಾಲು, ಒಂದರ ಹಿಂದೊಂದು ಬಂದ ಕಾಯ್ದೆಗಳು, ಇವನ್ನೆಲ್ಲ ಗೋಡೆಗೆ ಅಂಟಿಸಿದ ಕಾಲರೇಖೆಯ ಮೇಲೆ ಬೇಗ ದಾಟಿಸಬಹುದು. ಹಾಗೆ ಉಳಿದ ಪೀರಿಯಡ್‌ಗಳನ್ನು ಮೂರು ನಾಲ್ಕು ಘಟನೆಗಳಿಗೆ ಧಾರಾಳವಾಗಿ ಕೊಟ್ಟು, ಪಠ್ಯದ ಒಂದೊಂದು ವಾಕ್ಯವೂ ಯಾವ ಆಧಾರದ ಮೇಲೆ ನಿಂತಿದೆ ಎಂದು ಬಿಡಿಸಿ ತೋರಿಸಬೇಕು. ಕದಂಬರ ಕಾಲಕ್ಕೆ ಕೆಲವೇ ಶಾಸನಗಳು, ಅವುಗಳಿಂದಲೇ ಬಹಳಷ್ಟನ್ನು ಊಹಿಸಬೇಕು. ಆಧುನಿಕ ಕಾಲದ ತೊಡಕು ಇದಕ್ಕೆ ತದ್ವಿರುದ್ಧ. ಒಂದೇ ಘಟನೆಗೆ ಸರ್ಕಾರಿ ಕಡತ, ಪತ್ರಿಕೆಯ ವರದಿ, ಲಾವಣಿ, ಊರವರ ನೆನಪು ಎಲ್ಲವೂ ಇರುತ್ತವೆ, ಆದರೆ ಅವು ಒಂದನ್ನೊಂದು ಒಪ್ಪುವುದಿಲ್ಲ. ಆ ಒಪ್ಪದಿರುವಿಕೆಯನ್ನು ತೂಗಿ ನೋಡಲು ಕಲಿಸುವುದೇ ಈ ಭಾಗದ ಮುಖ್ಯ ಕೆಲಸ.

ಇಸವಿಯ ಉಪಯೋಗ

ಪ್ರಶ್ನೆಪತ್ರಿಕೆಯಲ್ಲಿ ಘಟನೆಗಳನ್ನು ಕಾಲಾನುಕ್ರಮದಲ್ಲಿ ಬರೆಯುವ ಪ್ರಶ್ನೆ ಇರುವುದರಿಂದ ಇಸವಿಗಳನ್ನು ಉರು ಹೊಡೆಸುವುದು ನಡೆದೇ ಇದೆ. ಇಸವಿ ಗೊತ್ತಿದ್ದೂ ಅದನ್ನು ಬಳಸಲು ಬಾರದಿದ್ದರೆ ಏನಾಗುತ್ತದೆ ಎಂಬುದಕ್ಕೆ ಕಿತ್ತೂರಿನ ಪಾಠ ಒಳ್ಳೆಯ ಉದಾಹರಣೆ. ‘ಕಿತ್ತೂರಿನ ದತ್ತುಪುತ್ರನನ್ನು ಬ್ರಿಟಿಷರು ಏಕೆ ಒಪ್ಪಲಿಲ್ಲ?’ ಎಂದು ಕೇಳಿದರೆ ‘ಡಾಲ್‌ಹೌಸಿಯ ದತ್ತು ಮಕ್ಕಳಿಗೆ ಹಕ್ಕಿಲ್ಲವೆಂಬ ನೀತಿಯಿಂದ’ ಎಂದು ಬರೆಯುವ ವಿದ್ಯಾರ್ಥಿಗಳು ಪ್ರತಿ ವರ್ಷವೂ ಸಿಗುತ್ತಾರೆ. ಕೆಲವು ಗೈಡುಗಳೂ ಹಾಗೆಯೇ ಹೇಳುತ್ತವೆ. ಕಿತ್ತೂರಿನ ಕದನ 1824ರ ಅಕ್ಟೋಬರ್ 23ರದ್ದು. ಡಾಲ್‌ಹೌಸಿ ಗವರ್ನರ್ ಜನರಲ್ ಆಗಿ ಬಂದದ್ದು 1848ರಲ್ಲಿ. ಎರಡು ಇಸವಿಗಳೂ ಅದೇ ವಿದ್ಯಾರ್ಥಿಗೆ ಬಾಯಿಪಾಠ ಬರುತ್ತವೆ. ಅವನ್ನು ಅಕ್ಕಪಕ್ಕ ಇಟ್ಟು ನೋಡುವ ಅಭ್ಯಾಸ ಮಾತ್ರ ಆಗಿರುವುದಿಲ್ಲ.

ಪಾಠವನ್ನು ಈ ತಪ್ಪಿನಿಂದಲೇ ಆರಂಭಿಸಬಹುದು. ಎರಡೂ ಇಸವಿಗಳನ್ನು ಬೋರ್ಡಿನ ಮೇಲೆ ಬರೆದು, ನಡುವಿನ ಅಂತರವನ್ನು ತರಗತಿಯೇ ಲೆಕ್ಕ ಹಾಕಲಿ. ಇಪ್ಪತ್ತನಾಲ್ಕು ವರ್ಷ ಆಮೇಲೆ ಬಂದವನ ನೀತಿ ಇಲ್ಲಿ ಕಾರಣವಾಗಲಾರದು ಎಂದಾದ ಮೇಲೆ ನಿಜವಾದ ಪ್ರಶ್ನೆ ಏಳುತ್ತದೆ: ಹಾಗಾದರೆ ಕಂಪನಿ ಯಾವ ಆಧಾರದ ಮೇಲೆ ದತ್ತನ್ನು ತಿರಸ್ಕರಿಸಿತು? ಕಿತ್ತೂರು ಕಂಪನಿಯ ಹಳೆಯ ಶತ್ರುವೇನಲ್ಲ. 1818ರಲ್ಲಿ ಪೇಶ್ವೆಯ ವಿರುದ್ಧ ಕಂಪನಿಗೆ ನೆರವಾಗಿದ್ದ ಸಂಸ್ಥಾನ. 1824ರ ಸೆಪ್ಟೆಂಬರಿನಲ್ಲಿ ದೇಸಾಯಿ ಶಿವಲಿಂಗರುದ್ರ ಸರ್ಜ ತೀರಿಕೊಂಡ. ಅವನು ಬದುಕಿದ್ದಾಗಲೇ ಶಿವಲಿಂಗಪ್ಪನನ್ನು ದತ್ತು ಪಡೆದಿದ್ದನೆಂದು ಅರಮನೆಯವರು ಹೇಳಿದರು. ಆ ದತ್ತು ನಿಜವೇ ಎಂದು ಧಾರವಾಡದ ಕಲೆಕ್ಟರ್ ಥ್ಯಾಕರೆ ಅನುಮಾನಪಟ್ಟ, ಖಜಾನೆಗೆ ಕಾವಲು ಹಾಕಿದ. ಅಕ್ಟೋಬರಿನ ಕದನದಲ್ಲಿ ಥ್ಯಾಕರೆ ಸತ್ತ. ಡಿಸೆಂಬರಿನಲ್ಲಿ ದೊಡ್ಡ ಸೈನ್ಯ ಬಂದು ಕೋಟೆಯನ್ನು ಹಿಡಿಯಿತು. ಚೆನ್ನಮ್ಮ ಬೈಲಹೊಂಗಲದಲ್ಲಿ ಸೆರೆಯಲ್ಲಿದ್ದು 1829ರಲ್ಲಿ ಕೊನೆಯುಸಿರೆಳೆದರು. ಹೋರಾಟವನ್ನು ಮುಂದುವರಿಸಿದ ರಾಯಣ್ಣನನ್ನು 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿಸಲಾಯಿತು.

ಈ ಸರಣಿಯಿಂದ ವಿದ್ಯಾರ್ಥಿಗೆ ಸಿಗಬೇಕಾದ ಅಂಶ ಒಂದಿದೆ. ದತ್ತು ಒಪ್ಪುವುದು ಬಿಡುವುದು ತಮ್ಮ ಹಕ್ಕು ಎಂದು ಕಂಪನಿಯ ಅಧಿಕಾರಿಗಳು ಡಾಲ್‌ಹೌಸಿಗೆ ಬಹಳ ಮುಂಚೆಯೇ ವರ್ತಿಸುತ್ತಿದ್ದರು. ಡಾಲ್‌ಹೌಸಿ ಅದನ್ನು ಸಾತಾರಾ, ಝಾನ್ಸಿ, ನಾಗಪುರಗಳ ಮೇಲೆ ಎಡೆಬಿಡದೆ ಪ್ರಯೋಗಿಸಿದ. ಝಾನ್ಸಿಗೆ ಒಂದು ಪುಸ್ತಕದಲ್ಲಿ 1853, ಇನ್ನೊಂದರಲ್ಲಿ 1854 ಎಂದಿದ್ದರೆ ಗಾಬರಿ ಬೇಕಿಲ್ಲ. ರಾಜ ಸತ್ತದ್ದು 1853ರ ನವೆಂಬರಿನಲ್ಲಿ, ಸಂಸ್ಥಾನ ಕಂಪನಿಯ ವಶವಾದದ್ದು 1854ರಲ್ಲಿ. ಯಾವ ಇಸವಿ ಯಾವ ಕ್ರಿಯೆಯದ್ದು ಎಂದು ಕೇಳುವ ರೂಢಿ ಬಿದ್ದವರಿಗೆ ಇಂಥ ವ್ಯತ್ಯಾಸಗಳು ತಾವಾಗಿಯೇ ಬಗೆಹರಿಯುತ್ತವೆ.

ಇದೇ ಪಾಠದಲ್ಲಿ ಹೇಳಬಹುದಾದ ಇನ್ನೊಂದು ಸಂಗತಿ ಪರೀಕ್ಷೆಗೆ ಬರುವಂಥದ್ದಲ್ಲ. ಕಿತ್ತೂರಿನವರು ಸೆರೆಹಿಡಿದ ಇಬ್ಬರು ಇಂಗ್ಲಿಷ್ ಅಧಿಕಾರಿಗಳಲ್ಲಿ ಒಬ್ಬ ವಾಲ್ಟರ್ ಎಲಿಯಟ್. ಇದೇ ಎಲಿಯಟ್ ಮುಂದೆ ಧಾರವಾಡ ಸೀಮೆಯ ನೂರಾರು ಕನ್ನಡ ಶಾಸನಗಳ ಪ್ರತಿ ಮಾಡಿಸಿದವನು. ತರಗತಿಗೆ ಒಮ್ಮೆ ಇದನ್ನು ಹೇಳಿದರೆ ಕಲಿತದ್ದೆಲ್ಲ ಕಪ್ಪು ಬಿಳುಪಾಗಿ ಉಳಿಯುವುದು ತಪ್ಪುತ್ತದೆ.

ನಕ್ಷೆ ಅಂಕಕ್ಕಷ್ಟೇ ಅಲ್ಲ

ಭಾರತದ ರೂಪರೇಖಾ ನಕ್ಷೆಯಲ್ಲಿ ಸ್ಥಳ ಗುರುತಿಸಿ ಪ್ರತಿಯೊಂದಕ್ಕೂ ಎರಡು ವಾಕ್ಯ ಬರೆಯುವ ಪ್ರಶ್ನೆಗೆ ಎಲ್ಲರೂ ತಯಾರಾಗುತ್ತಾರೆ. ಆಧುನಿಕ ಕರ್ನಾಟಕವನ್ನು ಅರ್ಥ ಮಾಡಿಕೊಳ್ಳಲು ಅದಕ್ಕಿಂತ ಬೇಕಾದದ್ದು 1956ಕ್ಕೆ ಮುಂಚಿನ ಕನ್ನಡ ನಾಡಿನ ನಕ್ಷೆ. ಧಾರವಾಡ, ಬೆಳಗಾವಿ, ವಿಜಯಪುರ, ಉತ್ತರ ಕನ್ನಡಗಳು ಮುಂಬಯಿ ಪ್ರಾಂತ್ಯದಲ್ಲಿದ್ದವು. ದಕ್ಷಿಣ ಕನ್ನಡ, ಬಳ್ಳಾರಿ, ಕೊಳ್ಳೇಗಾಲ ಮದ್ರಾಸಿನಲ್ಲಿ. ಬೀದರ್, ಕಲಬುರಗಿ, ರಾಯಚೂರು ನಿಜಾಮನ ಹೈದರಾಬಾದಿನಲ್ಲಿ. ಮೈಸೂರು ಒಡೆಯರದು. ಕೊಡಗು 1834ರಿಂದ ಬ್ರಿಟಿಷರ ನೇರ ಆಳ್ವಿಕೆಯಲ್ಲಿತ್ತು. ಇವುಗಳ ನಡುವೆ ಸಂಡೂರು, ಜಮಖಂಡಿ, ಮುಧೋಳ, ರಾಮದುರ್ಗ, ಸವಣೂರಿನಂಥ ಸಣ್ಣ ಸಂಸ್ಥಾನಗಳು. ಪ್ರತಿ ವಿದ್ಯಾರ್ಥಿಯೂ ಈ ನಕ್ಷೆಯಲ್ಲಿ ತನ್ನ ತಾಲ್ಲೂಕನ್ನು ಹುಡುಕಿ, 1940ರಲ್ಲಿ ಅಲ್ಲಿನ ಕಂದಾಯ ಯಾರಿಗೆ ಸಲ್ಲುತ್ತಿತ್ತು, ಅಹವಾಲು ಯಾವ ಊರಿಗೆ ಒಯ್ಯಬೇಕಿತ್ತು ಎಂದು ಬರೆಯುವ ಕೆಲಸ ಒಂದು ಪೀರಿಯಡ್‌ನಲ್ಲಿ ಆಗುತ್ತದೆ.

ಈ ನಕ್ಷೆಯಿಲ್ಲದೆ ಸ್ವಾತಂತ್ರ್ಯ ಹೋರಾಟದ ಪಾಠ ಗೊಂದಲವಾಗುತ್ತದೆ. 1930ರ ಏಪ್ರಿಲಿನಲ್ಲಿ ಅಂಕೋಲೆಯಲ್ಲಿ ಉಪ್ಪು ಮಾಡಿದವರು ಮುರಿದದ್ದು ಬ್ರಿಟಿಷ್ ಸರ್ಕಾರದ ಕಾನೂನು. 1938ರಲ್ಲಿ ಮದ್ದೂರಿನ ಬಳಿಯ ಶಿವಪುರದಲ್ಲಿ ಧ್ವಜ ಹಾರಿಸಿದವರು ಎದುರಿಸಿದ್ದು ಮಹಾರಾಜರ ಸರ್ಕಾರದ ನಿಷೇಧಾಜ್ಞೆಯನ್ನು. ಆಗ ದಿವಾನರು ಮಿರ್ಜಾ ಇಸ್ಮಾಯಿಲ್. ಶಿಕಾರಿಪುರ ತಾಲ್ಲೂಕಿನ ಈಸೂರಿನ ಪ್ರಕರಣದಲ್ಲಿ ಈ ವ್ಯತ್ಯಾಸ ಇನ್ನೂ ಸ್ಪಷ್ಟ. 1942ರಲ್ಲಿ ಊರು ತಾನು ಸ್ವತಂತ್ರವೆಂದು ಸಾರಿ ಅಮಲ್ದಾರ, ಸಬ್ ಇನ್‌ಸ್ಪೆಕ್ಟರ್ ಸ್ಥಾನಗಳಿಗೆ ಇಬ್ಬರು ಹುಡುಗರನ್ನು ನೇಮಿಸಿತು. ಸೆಪ್ಟೆಂಬರಿನಲ್ಲಿ ನಡೆದ ಘರ್ಷಣೆಯಲ್ಲಿ ನಿಜವಾದ ಅಮಲ್ದಾರರೂ ಸಬ್ ಇನ್‌ಸ್ಪೆಕ್ಟರರೂ ಕೊಲೆಯಾದರು. 1943ರ ಮಾರ್ಚಿನಲ್ಲಿ ಊರಿನ ಐವರನ್ನು ಗಲ್ಲಿಗೇರಿಸಲಾಯಿತು. ಸತ್ತ ಅಧಿಕಾರಿಗಳು ಇಂಗ್ಲಿಷರಲ್ಲ, ಮೈಸೂರು ಸರ್ಕಾರದ ಕನ್ನಡಿಗ ನೌಕರರು. ಈಸೂರನ್ನು ಅಹಿಂಸಾತ್ಮಕ ಚಳವಳಿಯ ಉದಾಹರಣೆಯೆಂದು ಒಂದೇ ಸಾಲಿನಲ್ಲಿ ಮುಗಿಸಿದರೆ ಅರ್ಧ ಘಟನೆ ಬಿಟ್ಟುಹೋಗುತ್ತದೆ, ಬರೀ ದೊಂಬಿ ಎಂದರೆ ಇನ್ನರ್ಧ. ಊರವರು ಯಾರಿಂದ ಸ್ವತಂತ್ರರಾಗಲು ಹೊರಟಿದ್ದರು ಎಂಬ ಪ್ರಶ್ನೆಯನ್ನು ತರಗತಿಯ ಮುಂದಿಟ್ಟು ಇಪ್ಪತ್ತು ನಿಮಿಷ ಮಾತಾಡಲು ಬಿಡುವುದು ಎರಡು ಪುಟ ನೋಟ್ಸ್‌ಗಿಂತ ಮೇಲು.

1947ರ ಆಗಸ್ಟ್ 15ರಂದು ನಾಡಿನ ಎಲ್ಲ ಕಡೆ ಒಂದೇ ಬಗೆಯ ಸ್ವಾತಂತ್ರ್ಯ ಬರಲಿಲ್ಲವೆಂಬುದೂ ಇದೇ ನಕ್ಷೆಯಿಂದ ತಿಳಿಯುತ್ತದೆ. ಮೈಸೂರಿನಲ್ಲಿ ಜವಾಬ್ದಾರಿ ಸರ್ಕಾರಕ್ಕಾಗಿ ‘ಮೈಸೂರು ಚಲೋ’ ನಡೆದು ಅಕ್ಟೋಬರಿನಲ್ಲಿ ಕೆ.ಸಿ. ರೆಡ್ಡಿ ಅಧಿಕಾರ ವಹಿಸಿಕೊಂಡರು. ಬೀದರ್, ಕಲಬುರಗಿ, ರಾಯಚೂರಿನವರು 1948ರ ಸೆಪ್ಟೆಂಬರ್ 17ರವರೆಗೆ ಕಾಯಬೇಕಾಯಿತು.

ಒಂದು ಘಟನೆ, ಹಲವು ಸಾಕ್ಷ್ಯ

1857ರ ಪಾಠಕ್ಕೆ ಮೀರತ್, ದೆಹಲಿ, ಕಾನ್ಪುರಗಳ ಜೊತೆಗೆ ಮುಧೋಳ ಸೀಮೆಯ ಹಲಗಲಿಯನ್ನು ಸೇರಿಸಿಕೊಳ್ಳಬೇಕು. ನಿಶ್ಶಸ್ತ್ರೀಕರಣ ಕಾಯ್ದೆಯಂತೆ ಆಯುಧ ಒಪ್ಪಿಸಲು ಅಲ್ಲಿನ ಬೇಡರು ನಿರಾಕರಿಸಿದರು. ನವೆಂಬರಿನಲ್ಲಿ ಸೈನ್ಯ ಬಂದು ಊರನ್ನು ಸುಟ್ಟಿತು, ಹಿಡಿದವರಲ್ಲಿ ಹಲವರನ್ನು ಗಲ್ಲಿಗೇರಿಸಿತು. ಈ ಪ್ರಸಂಗದ ಲಾವಣಿಯನ್ನು ಬಹಳಷ್ಟು ವಿದ್ಯಾರ್ಥಿಗಳು ಪ್ರೌಢಶಾಲೆಯ ಕನ್ನಡ ಪಠ್ಯದಲ್ಲಿ ಓದಿಯೇ ಬಂದಿರುತ್ತಾರೆ. ಕನ್ನಡ ಮೇಷ್ಟ್ರು ಅದನ್ನು ಪದ್ಯವಾಗಿ ಕಲಿಸಿದ್ದರು. ಇತಿಹಾಸದ ತರಗತಿಯಲ್ಲಿ ಅದೇ ಪಠ್ಯ ಸಾಕ್ಷ್ಯವಾಗಿ ಬರಲಿ. ಹಾಡಿದವರು ಯಾರ ಪರ? ಘಟನೆಯಾದ ಎಷ್ಟು ದಿನಕ್ಕೆ ಕಟ್ಟಿರಬಹುದು? ಸತ್ತವರ ಹೆಸರು, ಮನೆಗಳ ಲೂಟಿ, ಹೆಂಗಸರ ಮಕ್ಕಳ ಪಾಡು ಲಾವಣಿಯಲ್ಲಿ ಏಕೆ ಇಷ್ಟು ಜಾಗ ಪಡೆದಿವೆ? ಸರ್ಕಾರದ ಕಾಗದಪತ್ರ ಆಯುಧ, ದಿನಾಂಕ, ಶಿಕ್ಷೆಗಳ ಲೆಕ್ಕ ಹೇಳುವಾಗ ಏನನ್ನು ಬಿಡುತ್ತದೆ? ಬೇಟೆಯೇ ಬದುಕಾದವರಿಗೆ ಆಯುಧ ಒಪ್ಪಿಸುವುದೆಂದರೆ ಏನು ಎಂಬುದನ್ನು ಲಾವಣಿಯಿಂದ ತಿಳಿಯಬೇಕೇ ಹೊರತು ಕಡತದಿಂದಲ್ಲ. ಆ ಲಾವಣಿಯನ್ನು ಬರೆದಿಟ್ಟು ಅಚ್ಚು ಮಾಡಿಸಿದವನು ಜೆ.ಎಫ್. ಫ್ಲೀಟ್, ಬ್ರಿಟಿಷ್ ಸರ್ಕಾರದ್ದೇ ಅಧಿಕಾರಿ.

ಸಾಕ್ಷ್ಯಗಳು ಒಪ್ಪದಿದ್ದಾಗ ಏನು ಮಾಡಬೇಕೆಂಬುದಕ್ಕೆ ವಿದುರಾಶ್ವತ್ಥ ಇನ್ನೂ ಚೆನ್ನಾಗಿ ಒದಗುತ್ತದೆ. 1938ರ ಏಪ್ರಿಲ್ 25ರಂದು ಗೌರಿಬಿದನೂರು ತಾಲ್ಲೂಕಿನ ಈ ಕ್ಷೇತ್ರದಲ್ಲಿ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಸತ್ತವರ ಸಂಖ್ಯೆ ಸರ್ಕಾರದ ಪ್ರಕಾರ ಹತ್ತರ ಆಸುಪಾಸು, ಚಳವಳಿಯವರ ಪ್ರಕಾರ ಮೂವತ್ತಕ್ಕೂ ಹೆಚ್ಚು. ವಿಚಾರಣೆಗೆ ವೇಪಾ ರಾಮೇಶಂ ಸಮಿತಿ ನೇಮಕವಾಯಿತು. ಪಟೇಲರೂ ಕೃಪಲಾನಿಯವರೂ ಬಂದು ದಿವಾನರೊಂದಿಗೆ ಒಪ್ಪಂದಕ್ಕೆ ಬಂದರು. ಇಲ್ಲಿ ಯಾವ ಸಂಖ್ಯೆ ಸರಿ ಎಂದು ತೀರ್ಪು ಕೇಳುವುದು ಮೊದಲ ಪ್ರಶ್ನೆಯಾಗಬಾರದು. ಪ್ರತಿ ಸಂಖ್ಯೆಯನ್ನೂ ಯಾರು, ಎಲ್ಲಿ ಎಣಿಸಿದರು, ಆಸ್ಪತ್ರೆಗೆ ಬಾರದೆ ಊರಿಗೆ ಹೋಗಿ ಸತ್ತವರು ಯಾವ ಲೆಕ್ಕದಲ್ಲಿ ಸೇರಿಯಾರು, ಯಾರಿಗೆ ಕಡಿಮೆ ಹೇಳುವ ಅಗತ್ಯವಿತ್ತು, ಯಾರಿಗೆ ಹೆಚ್ಚು ಹೇಳುವ ಅಗತ್ಯವಿತ್ತು ಎಂದು ಕೇಳಬೇಕು. ಉತ್ತರಪತ್ರಿಕೆಯಲ್ಲಿ ಒಂದೇ ಸಂಖ್ಯೆ ಬರೆಯುವುದಕ್ಕಿಂತ ‘ಸರ್ಕಾರದ ಪ್ರಕಾರ ಇಷ್ಟು, ಕಾಂಗ್ರೆಸ್ಸಿನ ಪ್ರಕಾರ ಇಷ್ಟು’ ಎಂದು ಬರೆಯುವುದು ಹೆಚ್ಚು ನಿಖರ ಎಂದು ಹೇಳಿಕೊಡಬೇಕು.

ಅಂಕಿಅಂಶವೂ ಸಾಕ್ಷ್ಯವೇ. ಮೈಸೂರು ಸಂಸ್ಥಾನದ ಜನಸಂಖ್ಯೆ 1871ರ ಗಣತಿಯಲ್ಲಿ ಸುಮಾರು 50 ಲಕ್ಷ 55 ಸಾವಿರ, 1881ರಲ್ಲಿ 41 ಲಕ್ಷ 86 ಸಾವಿರ. ನಡುವೆ ಬಂದದ್ದು 1876-78ರ ಭೀಕರ ಬರ, ಹಳಬರು ಸಂವತ್ಸರದ ಹೆಸರಿನಿಂದ ಧಾತು ಈಶ್ವರದ ಬರ ಎನ್ನುತ್ತಿದ್ದುದು. ವ್ಯತ್ಯಾಸ ಸುಮಾರು 8 ಲಕ್ಷ 69 ಸಾವಿರ. ಅಷ್ಟೇ ಜನ ಸತ್ತರೇ? ಬರಕ್ಕೆ ಮುಂಚಿನ ವರ್ಷಗಳಲ್ಲಿ ಜನಸಂಖ್ಯೆ ಬೆಳೆದಿದ್ದರೆ ನಷ್ಟ ಇನ್ನೂ ದೊಡ್ಡದು. ಗುಳೆ ಹೋಗಿ ಮರಳದವರಿದ್ದರೆ ಸಾವಿನ ಸಂಖ್ಯೆ ಸ್ವಲ್ಪ ಕಡಿಮೆ. ಅರ್ಥಶಾಸ್ತ್ರವನ್ನೂ ಓದುವ ವಿದ್ಯಾರ್ಥಿಗಳು ಈ ಲೆಕ್ಕಕ್ಕೆ ಬೇಗ ಕೈಹಾಕುತ್ತಾರೆ. 1881ರಲ್ಲೇ ಒಡೆಯರಿಗೆ ರಾಜ್ಯ ಮರಳಿ ಸಿಕ್ಕಿತೆಂಬುದನ್ನೂ, ದಿವಾನ ರಂಗಾಚಾರ್ಲು ಪ್ರಜಾಪ್ರತಿನಿಧಿ ಸಭೆಯನ್ನು ಸ್ಥಾಪಿಸಿದ್ದು ಬರದಿಂದ ಬಸವಳಿದ ರಾಜ್ಯದಲ್ಲಿ ಎಂಬುದನ್ನೂ ಇದರ ಜೊತೆಗೇ ಹೇಳಿದರೆ ಬೇರೆ ಬೇರೆ ಅಧ್ಯಾಯಗಳ ಸಂಗತಿಗಳು ಕೂಡಿಕೊಳ್ಳುತ್ತವೆ.

ಪ್ರಾಜೆಕ್ಟ್: ಊರಿನಲ್ಲೇ ಸಿಗುವುದು

ಆಂತರಿಕ ಮೌಲ್ಯಮಾಪನದ ಪ್ರಾಜೆಕ್ಟ್ ಹೆಚ್ಚಿನ ಕಡೆ ಅಂತರ್ಜಾಲದಿಂದ ಇಳಿಸಿದ ಗಾಂಧೀಜಿ ಚಿತ್ರ, ಬಣ್ಣದ ಸ್ಕೆಚ್‌ಪೆನ್‌ನಲ್ಲಿ ಬರೆದ ಜೀವನಚರಿತ್ರೆಯಾಗಿ ಮುಗಿಯುತ್ತದೆ. ಅಷ್ಟೇ ಶ್ರಮದಲ್ಲಿ ಬೇರೆ ಕೆಲಸ ಮಾಡಿಸಬಹುದು. ಕರಾವಳಿಯ ಕಾಲೇಜಾದರೆ ಹಳೆಯ ಮನೆಯ ಹೆಂಚು ಸಾಕು. ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ. ಹೆಂಚಿನ ಮೇಲೆ ಕಾರ್ಖಾನೆಯ ಹೆಸರು, ಕೆಲವೊಮ್ಮೆ ಇಸವಿಯೂ ಅಚ್ಚಾಗಿರುತ್ತದೆ. ಆ ಇಸವಿ ಕಾರ್ಖಾನೆ ಸ್ಥಾಪನೆಯದಿರಬಹುದು, ಹೆಂಚು ಸುಟ್ಟ ವರ್ಷದ್ದಲ್ಲ ಎಂಬುದನ್ನು ವಿದ್ಯಾರ್ಥಿ ತಾನೇ ಕಂಡುಕೊಂಡರೆ ಒಳ್ಳೆಯದು. ಮಿಷನ್ನಿನ ಬದಲು ಕಾಮನ್‌ವೆಲ್ತ್ ಟ್ರಸ್ಟ್‌ನ ಹೆಸರಿರುವ ಹೆಂಚು ಸಿಕ್ಕರೆ ಪ್ರಥಮ ಪಿಯುಸಿಯ ಪಾಠಕ್ಕೆ ದಾರಿಯಾಗುತ್ತದೆ: ಮೊದಲ ಮಹಾಯುದ್ಧದಲ್ಲಿ ಜರ್ಮನರ ನಂಟಿನ ಆಸ್ತಿಯೆಂದು ಮಿಷನ್ನಿನ ಕಾರ್ಖಾನೆಗಳು ಬ್ರಿಟಿಷ್ ಸರ್ಕಾರದ ವಶವಾಗಿ, ಆಮೇಲೆ ಆ ಟ್ರಸ್ಟಿನ ಕೈಸೇರಿದವು. ಮೈಸೂರಿನ ವಿದ್ಯಾರ್ಥಿಗಳಿಗೆ ರಾಮಸ್ವಾಮಿ ವೃತ್ತವಿದೆ. 1947ರ ಚಳವಳಿಯಲ್ಲಿ ಗುಂಡಿಗೆ ಬಲಿಯಾದ ಆ ಹುಡುಗ ಅವರಂತೆಯೇ ವಿದ್ಯಾರ್ಥಿ. ದಿನವೂ ಬಸ್ ಹತ್ತುವ ಜಾಗದ ಹೆಸರು ಎಲ್ಲಿಂದ ಬಂತೆಂದು ಕೇಳಿದರೆ ಹೇಳುವವರು ಕಡಿಮೆ.

ಹಿರಿಯರ ಸಂದರ್ಶನ ಮಾಡಿಸುವಾಗ ವಿಷಯದ ಆಯ್ಕೆಯಲ್ಲಿ ಲೆಕ್ಕ ತಪ್ಪಬಾರದು. 1942ರ ನೆನಪಿರುವವರು ಈಗ ತೊಂಬತ್ತು ದಾಟಿರುತ್ತಾರೆ. ಅವರನ್ನು ಹುಡುಕಿ ದಣಿಸುವುದು ವಿದ್ಯಾರ್ಥಿಗೂ ಕಷ್ಟ, ಅವರಿಗೂ ಹಿಂಸೆ. ಇಂದಿನ ಪಿಯು ವಿದ್ಯಾರ್ಥಿಯ ಅಜ್ಜ ಅಜ್ಜಿ ಕಣ್ಣಾರೆ ಕಂಡದ್ದು ಎಪ್ಪತ್ತರ ದಶಕ. ದೇವರಾಜ ಅರಸು ಕಾಲದ ಭೂಸುಧಾರಣೆ ಅದಕ್ಕೆ ತಕ್ಕ ವಿಷಯ. ಗೇಣಿ ಎಷ್ಟು ಮೂಟೆ ಇತ್ತು, ಯಾರ ಅಂಗಳಕ್ಕೆ ಹೊತ್ತು ಹಾಕಬೇಕಿತ್ತು, 7ನೇ ನಂಬರಿನ ಅರ್ಜಿ ಬರೆದುಕೊಟ್ಟವರು ಯಾರು, ಭೂನ್ಯಾಯಮಂಡಳಿಯ ಮುಂದೆ ಎಷ್ಟು ಸಲ ನಿಂತರು, ಜಮೀನು ಯಾರ ಹೆಸರಿಗಾಯಿತು ಎಂದು ಕೇಳಬೇಕು. ‘ಭೂಸುಧಾರಣೆಯ ಬಗ್ಗೆ ನಿಮ್ಮ ಅಭಿಪ್ರಾಯವೇನಜ್ಜ?’ ಎಂದು ಕೇಳಿದರೆ ಪೇಪರಿನಲ್ಲಿ ಓದಿದ್ದನ್ನೇ ಅಜ್ಜ ತಿರುಗಿಸಿ ಹೇಳುತ್ತಾರೆ. ಇಸವಿ ಅವರ ನೆನಪಿನಲ್ಲಿ ಹಿಂದುಮುಂದಾಗಿರುತ್ತದೆ. ದೊಡ್ಡ ಮಗಳ ಮದುವೆಗೆ ಮುಂಚೆಯೋ ಆಮೇಲೋ ಎಂದು ಹಿಡಿದು, ಮನೆಯಲ್ಲಿರುವ ಆದೇಶದ ಪ್ರತಿ ಅಥವಾ ಪಹಣಿಯೊಂದಿಗೆ ತಾಳೆ ನೋಡಬೇಕು. ಜಮೀನು ಪಡೆದ ಮನೆಯ ಜೊತೆಗೆ ಕಳೆದುಕೊಂಡ ಮನೆಯ ಮಾತೂ ಇದ್ದರೆ ಬರಹಕ್ಕೆ ತೂಕ ಬರುತ್ತದೆ. ಫೋನಿನಲ್ಲಿ ರೆಕಾರ್ಡ್ ಮಾಡುವ ಮುನ್ನ ಒಪ್ಪಿಗೆ ಕೇಳಬೇಕು. ವ್ಯಾಜ್ಯ ಇನ್ನೂ ನ್ಯಾಯಾಲಯದಲ್ಲಿದ್ದರೆ ಆ ಮನೆಯನ್ನು ಬಿಟ್ಟುಬಿಡುವುದು ಲೇಸು.

ವಿವಾದದ ವಿಷಯಗಳು

ಟಿಪ್ಪುವಿನ ಹೆಸರು ಬಂದೊಡನೆ ತರಗತಿ ಎರಡಾಗುತ್ತದೆ. ಒಳ್ಳೆಯವನೋ ಕೆಟ್ಟವನೋ ಎಂಬ ಪ್ರಶ್ನೆಗೆ ಇತಿಹಾಸದ ಪಾಠದಲ್ಲಿ ಉಪಯೋಗವಿಲ್ಲ. ಅದನ್ನು ಚರ್ಚೆಗಿಟ್ಟರೆ ಮನೆಯಿಂದ ತಂದ ತೀರ್ಪುಗಳನ್ನೇ ಎಲ್ಲರೂ ಒಪ್ಪಿಸುತ್ತಾರೆ. ಪ್ರಶ್ನೆಯನ್ನು ಒಂದೊಂದು ಕೃತ್ಯಕ್ಕೆ, ಒಂದೊಂದು ಆಕರಕ್ಕೆ ಇಳಿಸಬೇಕು. 1791ರಲ್ಲಿ ಮರಾಠಾ ಪಡೆ ಶೃಂಗೇರಿಯನ್ನು ಲೂಟಿ ಮಾಡಿದ ಮೇಲೆ ಮಠಕ್ಕೆ ಟಿಪ್ಪು ಬರೆದ ಪತ್ರಗಳು 1916ರಲ್ಲಿ ಬೆಳಕಿಗೆ ಬಂದವು. ಮಂಗಳೂರಿನ ಕ್ರೈಸ್ತರ ಸೆರೆ 1784ರದ್ದು. ಕೊಡಗಿನವರ ಸೆರೆಯ ನೆನಪು ಇಂದಿಗೂ ಜೀವಂತ. ಆಸ್ಥಾನದ ಕಿರ್ಮಾನಿ ಬರೆದ ಚರಿತ್ರೆ ಒಂದು ಕಡೆ, ಟಿಪ್ಪುವನ್ನು ಸೋಲಿಸಿದ ಕಂಪನಿಯ ಅಧಿಕಾರಿ ವಿಲ್ಕ್ಸ್ ಬರೆದದ್ದು ಇನ್ನೊಂದು ಕಡೆ. ಒಬ್ಬನೇ ಅರಸ ಒಂದೇ ದಶಕದಲ್ಲಿ ಮಠದ ಪೋಷಣೆ, ಜನರ ಸೆರೆ ಎರಡನ್ನೂ ಏಕೆ ಮಾಡಿದ, ಯುದ್ಧ ಮತ್ತು ರಾಜ್ಯದ ಹಿತ ಎಲ್ಲೆಲ್ಲಿ ಕೆಲಸ ಮಾಡಿದವು ಎಂದು ಬರೆಯಲು ಹಚ್ಚಿದರೆ ಘೋಷಣೆಗಳು ನಿಲ್ಲುತ್ತವೆ. ರಜಾಕಾರರ ಹಾವಳಿ ಮತ್ತು ಪೊಲೀಸ್ ಕಾರ್ಯಾಚರಣೆಯ ಪಾಠವನ್ನು ಕಲ್ಯಾಣ ಕರ್ನಾಟಕದಲ್ಲಿ ಮಾಡುವಾಗ ಇನ್ನೊಂದು ಎಚ್ಚರ ಬೇಕು. ಆ ದಿನಗಳಲ್ಲಿ ನೊಂದ ಕುಟುಂಬಗಳು ಎರಡೂ ಸಮುದಾಯಗಳಲ್ಲಿದ್ದವು, ಅವರ ಮೊಮ್ಮಕ್ಕಳು ಒಂದೇ ಬೆಂಚಿನಲ್ಲಿ ಕೂತಿರಬಹುದು.

ಉತ್ತರ ಬರೆಯಿಸುವುದು

ಲಿಖಿತ ಪರೀಕ್ಷೆಗೆ 80 ಅಂಕ, ಆಂತರಿಕಕ್ಕೆ 20. ಮೇಲಿನ ಬಗೆಯ ಪಾಠದಿಂದ ಅಂಕ ಕಡಿಮೆಯಾದೀತೆಂಬ ಭಯ ಪೋಷಕರಿಗೂ ಪ್ರಾಂಶುಪಾಲರಿಗೂ ಇರುವುದು ಸಹಜ. ದೀರ್ಘ ಉತ್ತರಗಳಲ್ಲಿ ಅಂಕ ಹೋಗುವುದು ಹೆಚ್ಚಾಗಿ ಕಾರಣ, ಘಟನೆ, ಪರಿಣಾಮಗಳು ಕಲೆಸಿಹೋದಾಗ. ಏಕೀಕರಣದ ಉತ್ತರವನ್ನೇ ತೆಗೆದುಕೊಂಡರೆ 1890ರ ವಿದ್ಯಾವರ್ಧಕ ಸಂಘ, 1920ರ ನಾಗಪುರ ಕಾಂಗ್ರೆಸ್, 1924ರ ಬೆಳಗಾವಿ ಅಧಿವೇಶನ, 1953ರ ಅದರಗುಂಚಿ ಉಪವಾಸ, ಫಜಲ್ ಅಲಿ ಆಯೋಗ, 1956ರ ನವೆಂಬರ್ 1 ಎಂದು ಸಾಲಾಗಿ ಹೆಸರಿಸುವವರು ಬಹಳ. ಒಂದರಿಂದ ಇನ್ನೊಂದಕ್ಕೆ ಹೇಗೆ ಬಂತೆಂದು ನಡುವೆ ಒಂದೊಂದು ವಾಕ್ಯ ಹಾಕುವವರು ಕಡಿಮೆ. ಪೂರ್ವಸಿದ್ಧತಾ ಪರೀಕ್ಷೆಯ ಉತ್ತರಪತ್ರಿಕೆ ತಿದ್ದುವಾಗ ಇಂಥ ಜಾಗಗಳಲ್ಲಿ ‘ಆದ್ದರಿಂದ?’ ಎಂದಷ್ಟೇ ಕೆಂಪು ಶಾಯಿಯಲ್ಲಿ ಬರೆದು, ಆ ಒಂದು ಉತ್ತರವನ್ನು ಮತ್ತೆ ಬರೆಸಿದರೆ ಸಾಕು. ಪ್ರಾಜೆಕ್ಟನ್ನು ಜುಲೈನಲ್ಲೇ ಹಂಚಿ ದಸರಾ ರಜೆಯ ನಂತರ ಸಂಗ್ರಹಿಸಿದರೆ ಡಿಸೆಂಬರ್, ಜನವರಿಗಳು ಈ ಅಭ್ಯಾಸಕ್ಕೆ ಉಳಿಯುತ್ತವೆ. ಇಬ್ಬರು ಇತಿಹಾಸ ಉಪನ್ಯಾಸಕರಿರುವ ಕಾಲೇಜಿನಲ್ಲಿ ಒಬ್ಬರು ಜೂನ್‌ನಿಂದಲೇ ಆಧುನಿಕ ಭಾಗವನ್ನು, ಇನ್ನೊಬ್ಬರು ಪ್ರಾಚೀನ ಭಾಗವನ್ನು ಹಿಡಿದುಕೊಂಡರೆ ಪ್ಲಾಸಿ ಕದನ ದಸರೆಯವರೆಗೆ ಕಾಯಬೇಕಿಲ್ಲ.